ಬಣ್ಣ ನೋಡಿ ಚಗಳಿ ಜಾತಿ ಹೇಳ್ಬೇಡಿ

ಕೇಳುಗರೆಲ್ಲರಿಗೂ ನಮಸ್ಕಾರ. ಮರದ ಹಸಿ ಎಲೆಗಳನ್ನ ಎಳೆದು ಸೇರಿಸಿ ಗೂಡು ಕಟ್ಟೋ ಇರುವೆ ಇದ್ಯಲ್ಲ, ಚಗಳಿ ಅಂತೀವಲ್ಲ, ಇವತ್ತು ಅದರ ಮಾತು. ಕುಲದ ಹೆಸರು ಈಕೋಫಿಲ್ಲಾ. ಇವತ್ತು ಬದುಕಿರೋದು ಎರಡೇ ಪ್ರಭೇದ, ಎರಡೇ! ಆಫ್ರಿಕಾದ ಬಿಸಿ ಕಾಡುಗಳಲ್ಲಿ ಲಾಂಜಿನೋಡಾ, ಭಾರತ ಶ್ರೀಲಂಕಾದಿಂದ ಹಿಡಿದು ಆಗ್ನೇಯ ಏಷ್ಯಾ ದಾಟಿ ಉತ್ತರ ಆಸ್ಟ್ರೇಲಿಯಾವರೆಗೆ ಸ್ಮರಾಗ್ಡಿನಾ. ನಮ್ಮಲ್ಲಿ ಇದು ಕೆಂಪು, ಆಸ್ಟ್ರೇಲಿಯಾದಲ್ಲಿ ಇದರದೇ ಹೊಟ್ಟೆ ಹಸಿರು, ಅದಕ್ಕೇ ಫೋಟೋ ನೋಡಿದವರು ಇದು ಬೇರೆ ಜಾತಿ ಅಂತ ಗಟ್ಟಿಯಾಗಿ ವಾದ ಮಾಡ್ತಾರೆ. ದಯವಿಟ್ಟು ಬಣ್ಣ ನೋಡಿ ಜಾತಿ ಹೇಳ್ಬೇಡಿ.

ಯಾಕೆ ಅಂತ ಹೇಳ್ತೀನಿ, ನಂಗೆ ತುಂಬಾ ಇಷ್ಟದ ಕಥೆ ಇದು. ಕೀನ್ಯಾದ ವಿಕ್ಟೋರಿಯಾ ಸರೋವರದಲ್ಲಿ ಎಂಫಂಗಾನೋ ಅಂತ ಒಂದು ದ್ವೀಪ, ಅಲ್ಲಿ ಚಗಳಿಗಳ ಒಂದು ಸಂಸಾರವೇ ಕಲ್ಲಾಗಿ ಸಿಕ್ತು, ಮಯೋಸೀನ್ ಕಾಲದ್ದು, ಅಂದ್ರೆ ಕೋಟಿ ವರ್ಷಕ್ಕೂ ಹಳೇದು. ಬರೀ ಬೆಳೆದ ಇರುವೆಗಳಲ್ಲ, ಮರಿಹುಳು, ಕೋಶಾವಸ್ಥೆಯವು ಎಲ್ಲಾ ಒಟ್ಟಿಗೆ! 1964ರಲ್ಲಿ ಇರುವೆ ತಜ್ಞರಾದ ಎಡ್ವರ್ಡ್ ವಿಲ್ಸನ್, ರಾಬರ್ಟ್ ಟೇಲರ್ ಅದನ್ನ ಈಕೋಫಿಲ್ಲಾ ಲೀಕಿಯೈ ಅಂತ ಹೆಸರಿಟ್ಟು ವಿವರಿಸಿದ್ರು. ಕಲ್ಲಾದ ಇರುವೇಲಿ ಬಣ್ಣ ಎಲ್ಲಿಂದ ಬರ್ಬೇಕು ಹೇಳಿ? ಅವರು ಮೈಕಟ್ಟು ನೋಡಿದ್ರು, ಕೆಲಸಗಾರ ಇರುವೆಗಳನ್ನ ಅಳತೆ ಮಾಡಿದ್ರು, ದೊಡ್ಡವು ಒಂದು ಗುಂಪು ಸಣ್ಣವು ಒಂದು ಗುಂಪು ಅಂತ ಎರಡಾಗಿ ಬಿದ್ವು, ಇವತ್ತಿನ ಚಗಳೀಲಿ ಇರೋ ಹಾಗೇನೇ. ಅಷ್ಟು ಹಿಂದೇನೇ ಇವುಗಳ ಮನೇಲಿ ಕೆಲಸ ಹಂಚಿಕೆ ಆಗೋಗಿತ್ತು ಅಂದ್ರೆ ಮೈ ಜುಂ ಅನ್ನುತ್ತೆ.

ಟೈಮ್ ಓಡ್ತಾ ಇದೆ, ಇವು ಎಲ್ಲೆಲ್ಲಿ ಹರಡಿವೆ ಅನ್ನೋದನ್ನ ಬೇಗ ಹೇಳ್ಬಿಡ್ತೀನಿ. ಬಾಲ್ಟಿಕ್ ಅಂಬರ್‌ನಲ್ಲೂ, ಅಂದ್ರೆ ಬಾಲ್ಟಿಕ್ ಸಮುದ್ರದ ಕಡೆ ಸಿಗೋ ಕಲ್ಲಾದ ಮರದ ಅಂಟಿನಲ್ಲೂ, ಜರ್ಮನಿಯ ಹಳೇ ಕಲ್ಲುಗಳಲ್ಲೂ ಈ ಕುಲ ಸಿಕ್ಕಿದೆ, ಆಗ ಯುರೋಪ್ ಬೆಚ್ಚಗಿತ್ತು. ಈಗ ಅಲ್ಲಿ ಒಂದೂ ಇಲ್ಲ. ವರ್ಷವಿಡೀ ಎಲೆ ಇರೋ ಮರ, ಬಿಸಿ, ತೇವ, ಇಷ್ಟು ಇದ್ದಲ್ಲೇ ಇವುಗಳ ಬದುಕು, ಯಾಕಂದ್ರೆ ಗೂಡೇ ಎಲೆ, ಅದನ್ನ ಹೊಲಿಯೋ ರೇಷ್ಮೆ ಮರಿಹುಳುವಿನ ಬಾಯಿಂದ ಬರ್ಬೇಕು. ದೊಡ್ಡ ಇರುವೆ ಮರೀನ ದವಡೇಲಿ ಹಿಡ್ಕೊಂಡು ಈ ಎಲೆ ಅಂಚಿಗೊಮ್ಮೆ ಆ ಎಲೆ ಅಂಚಿಗೊಮ್ಮೆ ಮುಟ್ಟಿಸ್ತಾ ಹೋಗುತ್ತೆ, ಇದ್ದ ರೇಷ್ಮೆಯೆಲ್ಲ ಗೂಡಿಗೇ ಹೋಗೋದ್ರಿಂದ ಮರಿ ತನ್ನ ಮೈಸುತ್ತ ಅಂತ ರೇಷ್ಮೆಗೂಡು ನೇಯ್ಕೊಳ್ಳೋದೇ ಇಲ್ಲ.

ಗೂಡು ಕಂಡ್ರೆ ಬಣ್ಣ ಬಿಡಿ, ಇರುವೆಗಳ ಸೈಜ್ ನೋಡಿ. ಹೊರಗೆ ಓಡಾಡಿ ಕಚ್ಚೋವೆಲ್ಲ ಹೆಚ್ಚಾಗಿ ದೊಡ್ಡವು, ಸಣ್ಣವು ಒಳಗೇ ಮರಿ ನೋಡ್ಕೊಂಡು ಇರ್ತವೆ. ನಮಸ್ಕಾರ.