ಕರೆಂಟ್ ಹೋದ ಮೇಲಿನ ಕಥೆ

ಕೇಳುಗರೇ, ನಮಸ್ಕಾರ.

ಹೊರಗೆ ನಮ್ಮ ಕೊಡಗಿನ ಕಕ್ಕಡ ತಿಂಗಳ ಮಳೆ ಹೊಯ್ಯುತ್ತಿದೆ. ನಿಮ್ಮಲ್ಲಿ ಎಷ್ಟು ಮನೆಯಲ್ಲಿ ಈಗ ಕರೆಂಟ್ ಇದೆಯೋ, ದೇವರೇ ಬಲ್ಲ. ಇಲ್ಲದಿದ್ದರೂ ರೇಡಿಯೋಗೆ ಸೆಲ್ ಇದ್ದರೆ ಸಾಕಲ್ವಾ? ಆ ಧೈರ್ಯದ ಮೇಲೆ ಹಳೇ ಸಿನಿಮಾದ ಮಾತು ಎತ್ತಿದ್ದೇನೆ.

ನಾನು ಹುಡುಗನಾಗಿದ್ದಾಗ, 1980ರ ದಶಕದಲ್ಲಿ, ನಮ್ಮ ಸುತ್ತಮುತ್ತ ಟಿವಿ ಇದ್ದದ್ದು ಸೋದರಮಾವನ ಮನೆಯಲ್ಲಿ ಮಾತ್ರ. ಕನ್ನಡ ಸಿನಿಮಾ ಇರುವ ದಿನ ಕಾಫಿ ತೋಟದ ದಾರಿಯಲ್ಲಿ, ಗೊರಬೆ ಹಾಕಿಕೊಂಡವರು, ಕೊಡೆ ಹಿಡಿದವರು, ಎಲ್ಲರೂ ಅಲ್ಲಿಗೇ. ಜಗಲಿಯ ತುಂಬ ಒದ್ದೆ ಚಪ್ಪಲಿ. ಒಲೆಯಲ್ಲಿ ಸುಟ್ಟ ಹಲಸಿನ ಬೀಜ ಕೈಯಿಂದ ಕೈಗೆ ಬರುತ್ತಿತ್ತು. ಒಂದು ಸಂಜೆ 'ಶರಪಂಜರ' ಬಂತು. ಪುಟ್ಟಣ್ಣ ಕಣಗಾಲರದ್ದು, 1971ರ ಸಿನಿಮಾ, ತ್ರಿವೇಣಿಯವರ ಕಾದಂಬರಿ. 'ಕೊಡಗಿನ ಕಾವೇರಿ' ಹಾಡು ಬಂದಾಗ ಅತ್ತೆ ಅಡುಗೆಮನೆಯಿಂದ ಸೌಟು ಹಿಡಿದೇ ಓಡಿ ಬಂದರು. ಅದು ನಮ್ಮ ಊರಿನ ಹಾಡು ತಾನೇ!

ಕಾವೇರಿಯ ಪಾತ್ರದ ಕಲ್ಪನಾ ಮಾನಸಿಕ ಆಸ್ಪತ್ರೆಯಿಂದ ಮನೆಗೆ ಬಂದಾಗಿತ್ತು. ಎಲ್ಲರೂ ಅವಳನ್ನು ಒಂಥರಾ ನೋಡುತ್ತಿದ್ದರು. ಅಷ್ಟರಲ್ಲಿ ಕರೆಂಟ್ ಹೋಯಿತು. ಎಲ್ಲೋ ಮರ ಬಿದ್ದು ತಂತಿ ತುಂಡಾಗಿರಬೇಕು. ಅಂದರೆ ಮೂರು ದಿನದ ಮಾತು.

ಯಾರೂ ಏಳಲಿಲ್ಲ. ಮಾವ ಚಿಮಣಿ ದೀಪ ಹಚ್ಚಿದರು, ಟಿವಿಗೆ ಬೆನ್ನು ಹಾಕಿ ಕೂತರು, ಮಿಕ್ಕ ಕಥೆ ಹೇಳಿದರು. ಅವರು ಆ ಸಿನಿಮಾವನ್ನು ಟಾಕೀಸಿನಲ್ಲಿ ಎರಡು ಸಲ ನೋಡಿದ್ದರು. ಕಲ್ಪನಾ ತಲೆ ಬಾಗಿಸುವುದನ್ನು, ಗಂಡನ ಪಾತ್ರದ ಗಂಗಾಧರ್ ಮುಖ ತಿರುಗಿಸುವುದನ್ನು ಮಾಡಿ ತೋರಿಸಿದರು. ಕೊನೆಗೆ ಗಂಡ ತಪ್ಪು ಒಪ್ಪಿಕೊಂಡ, ಕಾವೇರಿ ಮಕ್ಕಳನ್ನು ತಬ್ಬಿಕೊಂಡಳು ಎಂದು ಮುಗಿಸಿದರು. ನಾವು ನೆಮ್ಮದಿಯಾಗಿ ಮನೆಗೆ ಹೋಗಿ ಮಲಗಿದೆವು.

ಕಾಲೇಜಿಗೆ ಸೇರಿದ ಮೇಲೆ ಆ ಸಿನಿಮಾ ಪೂರ್ತಿ ನೋಡಿದೆ. ಕಾವೇರಿ ಮತ್ತೆ ಆಸ್ಪತ್ರೆಗೇ ಹೋಗುತ್ತಾಳೆ. ನನಗೆ ಸಿಟ್ಟೇ ಬಂತು. ರಜೆಗೆ ಬಂದವನು ಮಾವನನ್ನು ಹಿಡಿದು ಕೇಳಿದೆ. ಅವರು ಕವಳ ಅಗಿಯುತ್ತಾ, "ಅಷ್ಟು ಕತ್ತಲೆಯಲ್ಲಿ ಮಕ್ಕಳನ್ನ ಅಳಿಸಿ ಕಳಿಸೋದಾ?" ಅಂದರು.

ಕೇಬಲ್ ಬಂದ ಮೇಲೆ ಇನ್ನೊಂದು ಮಜಾ. ಒಂದೇ ಚಾನೆಲ್‌ನಲ್ಲಿ ಹಗಲೆಲ್ಲ ಕಾರ್ಟೂನ್, ರಾತ್ರಿಯಾದರೆ ಹಳೇ ಇಂಗ್ಲಿಷ್ ಸಿನಿಮಾ. ಮಕ್ಕಳು ಗೊಣಗುತ್ತಾ ಎದ್ದು ಹೋಗುತ್ತಿದ್ದರು, ಮಾವ ಬಂದು ಕೂರುತ್ತಿದ್ದರು. ಇಂಥ ಸಿನಿಮಾಗಳಿಗೇ ಅಂತ ಅಮೆರಿಕದಲ್ಲಿ ಟರ್ನರ್ ಕ್ಲಾಸಿಕ್ ಮೂವೀಸ್ ಎಂಬ ಚಾನೆಲ್ 1994ರ ಏಪ್ರಿಲ್ 14ರಂದು ಶುರುವಾಯಿತು. ಮೊದಲು ಹಾಕಿದ್ದು 'ಗಾನ್ ವಿತ್ ದ ವಿಂಡ್'. ಸಿನಿಮಾಗೆ ಮುಂಚೆ ಬಂದು ನಾಲ್ಕು ಮಾತು ಹೇಳುತ್ತಿದ್ದವರು ರಾಬರ್ಟ್ ಆಸ್ಬೋರ್ನ್. ಬೆಳ್ಳಿ ಕೂದಲು, ನೀಟಾದ ಸೂಟು. ಮೊದಲು ನಟನಾಗಲು ಹೊರಟವರು ಅವರು. ನಟಿ ಲುಸಿಲ್ ಬಾಲ್, ನೀನು ಬರೆಯುವುದೇ ಸರಿ ಎಂದು ದಾರಿ ತೋರಿಸಿದರಂತೆ. 20 ವರ್ಷಕ್ಕೂ ಜಾಸ್ತಿ ಆ ಚಾನೆಲ್‌ನ ಮುಖವಾಗಿದ್ದು, 2017ರಲ್ಲಿ ತೀರಿಕೊಂಡರು.

ಅವರ ವಿಡಿಯೋಗಳನ್ನು ನಾನು ನೋಡಿದ್ದು ಈಚೆಗೆ, ಮೊಬೈಲಿನಲ್ಲಿ. ಹಿಡಿಸಿದ್ದು ಒಂದೇ ವಿಷಯ. ಆಸಾಮಿ ಕಥೆ ಹೇಳುವುದಿಲ್ಲ. ಈ ಪಾತ್ರ ಮೊದಲು ಯಾರಿಗೆ ಹೋಗಿತ್ತು, ಸೆಟ್‌ನಲ್ಲಿ ಯಾರು ಯಾರ ಜೊತೆ ಮಾತು ಬಿಟ್ಟಿದ್ದರು, ಇಂಥದ್ದು ಹೇಳಿ ಪಕ್ಕಕ್ಕೆ ಸರಿಯುತ್ತಾರೆ. 2003ರಲ್ಲಿ ಅವರ ಜೊತೆ ಸೇರಿದ ಬೆನ್ ಮ್ಯಾಂಕಿವಿಜ್ ಅವರದ್ದು ಇನ್ನೂ ಚಂದ. ಅವರ ಅಜ್ಜ ಹರ್ಮನ್, 'ಸಿಟಿಜನ್ ಕೇನ್' ಬರೆದ ಇಬ್ಬರಲ್ಲಿ ಒಬ್ಬರು. ಹಳೇ ಹಾಲಿವುಡ್ ಅವರಿಗೆ ಅಜ್ಜನ ಮನೆಯ ಸುದ್ದಿ.

ನಮ್ಮಲ್ಲಿ ಹಳೇ ಸಿನಿಮಾ ಹೇಗೆ ಶುರುವಾಗುತ್ತದೆ? ಸೋಪಿನ ಜಾಹೀರಾತು, ಸೆನ್ಸಾರ್ ಸರ್ಟಿಫಿಕೇಟು, ಟೈಟಲ್. ಅಷ್ಟೇ. ಹೇಳೋಕೆ ವಿಷಯವಿಲ್ಲವಾ? 1979ರ 'ಹುಲಿಯ ಹಾಲಿನ ಮೇವು'ನಲ್ಲಿ ರಾಜಕುಮಾರ್ ಕೊಡವರ ನಿಲುವಂಗಿ ಕುಪ್ಯ ತೊಟ್ಟು, ಸೊಂಟಕ್ಕೆ ಪೀಚೆಕತ್ತಿ ಸಿಕ್ಕಿಸಿಕೊಂಡು ನಿಲ್ಲುತ್ತಾರೆ. ಆ ಕಾದಂಬರಿ ಬರೆದ ಭಾರತೀಸುತ ನಮ್ಮ ಕೊಡಗಿನವರು. 'ಎಡಕಲ್ಲು ಗುಡ್ಡದ ಮೇಲೆ' ಕೂಡ ಅವರದ್ದೇ ಕಾದಂಬರಿ, ಪುಟ್ಟಣ್ಣ ಅದನ್ನು 1973ರಲ್ಲಿ ಸಿನಿಮಾ ಮಾಡಿದರು. ಆ ಗುಡ್ಡವನ್ನು ನಮ್ಮ ಜಿಲ್ಲೆಯಲ್ಲೇ ಹುಡುಕುವವರಿದ್ದಾರೆ. ಅದು ಇರುವುದು ಪಕ್ಕದ ವಯನಾಡಿನಲ್ಲಿ. ಇಷ್ಟು ಹೇಳೋಕೆ ಒಂದು ನಿಮಿಷ ಸಾಕು.

ಯಾರೂ ಹೇಳದಿದ್ದರೆ ನಾನೇ ಹೇಳೋಣ ಅನ್ನಿಸಿತು. ಹೋದ ಭಾನುವಾರ ಮನೆಗೆ ನೆಂಟರನ್ನು ಕರೆದು 'ಮುತ್ತಿನ ಹಾರ' ಹಾಕಿದೆ. ಇಸ್ತ್ರಿ ಮಾಡಿದ ಅಂಗಿ ಬೇರೆ. ಟಿವಿ ಪಕ್ಕ ನಿಂತು ಶುರು ಮಾಡಿದೆ. 1990ರ ಸಿನಿಮಾ, ರಾಜೇಂದ್ರಸಿಂಗ್ ಬಾಬು ಅವರದ್ದು, ವಿಷ್ಣುವರ್ಧನ್ ಇದರಲ್ಲಿ ಕೊಡಗಿನ ಯೋಧ, ಹಂಸಲೇಖ ಸಂಗೀತ, ಕರ್ನಾಟಕ ಸಂಗೀತದ ಬಾಲಮುರಳಿಕೃಷ್ಣ ಅವರಿಂದ ಒಂದು ಹಾಡು ಹಾಡಿಸಿದ್ದಾರೆ, ಅಲ್ಲಿಂದ ನಮ್ಮೂರ ಮಿಲಿಟರಿ ಮನೆಗಳಿಗೆ ಬಂದೆ, ಅಲ್ಲಿಂದ ಇನ್ನೆಲ್ಲಿಗೋ ಹೋದೆ. ಹತ್ತು ನಿಮಿಷ ಆಗಿರಬೇಕು. ಆಸ್ಬೋರ್ನ್ ಇದ್ದಿದ್ದರೆ ಕಿವಿ ಹಿಂಡುತ್ತಿದ್ದರು.

ಮೂಲೆಯ ಕುರ್ಚಿಯಿಂದ ಅತ್ತೆ ಕೂಗಿದರು. ಅವರಿಗೀಗ ಎಂಬತ್ತು ದಾಟಿದೆ. "ಸಾಕು ಮಾರಾಯ, ಸಿನಿಮಾ ಹಾಕು. ಕರೆಂಟ್ ಹೋದರೆ ಹೇಳೋಕೆ ನಿನ್ನ ಮಾವ ಇಲ್ಲ."

ಹಾಕಿದೆ. ನಮಸ್ಕಾರ.