ಅನೈರ್ಮಲ್ಯ ಎಂದರೆ ಬರೀ ಕೊಳಕಲ್ಲ

ಕೇಳುಗರಿಗೆ ನಮಸ್ಕಾರ.

ಹೇಸಿಗೆ ಹುಟ್ಟಿಸುವುದನ್ನು ಹೇಳಲು ಕನ್ನಡದಲ್ಲಿ ಪದಗಳಿಗೆ ಬರವಿಲ್ಲ. ಬಟ್ಟೆಗೆ ಹತ್ತುವುದು ಕೊಳೆ. ಮೂಗಿಗೆ ಹೊಡೆಯುವುದು ಗಬ್ಬು. ಕಸ, ಕೆಸರು ಎಲ್ಲಾ ಸೇರಿ ರಾಡಿಯಾದರೆ ಗಲೀಜು. ಇವುಗಳ ಪಕ್ಕದಲ್ಲಿ ‘ಅನೈರ್ಮಲ್ಯ’ ಸ್ವಲ್ಪ ಬಿಗಿಯಾದ ಪದ. ನೋಟಿಸಿನಲ್ಲೋ ವರದಿಯಲ್ಲೋ ಓದುತ್ತೇವೆ, ಬಾಯಲ್ಲಿ ಆಡುವುದು ಕಡಿಮೆ. ಹಾಗಂತ ಬಿಟ್ಟುಬಿಡುವ ಪದ ಅಲ್ಲ ಇದು. ಕಾಯಿಲೆಗೆ ದಾರಿ ಮಾಡುವ ಸ್ಥಿತಿಗೆ ಅನೈರ್ಮಲ್ಯ ಅನ್ನುತ್ತೇವೆ. ಅದು ಕಣ್ಣಿಗೆ ಕಾಣಲೇಬೇಕು ಅಂತೇನಿಲ್ಲ.

ಅಟ್ಟದ ಮೇಲೆ ಧೂಳು ಕೂತಿದ್ದರೆ ಅದು ಕೊಳಕು, ಅಷ್ಟೇ. ಹಸಿ ಮಾಂಸ ಕತ್ತರಿಸಿದ ಚಾಕುವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಅದರಲ್ಲೇ ಸೌತೆಕಾಯಿ ಹೆಚ್ಚಿದರೆ? ಚಾಕು ಫಳಫಳ ಹೊಳೆಯುತ್ತಿರುತ್ತದೆ. ಅನೈರ್ಮಲ್ಯ ಇರುವುದು ಅಲ್ಲೇ.

1847ರಲ್ಲಿ ವಿಯೆನ್ನಾದ ಹೆರಿಗೆ ಆಸ್ಪತ್ರೆಯಲ್ಲಿ ಆಗಿದ್ದೂ ಇದೇ. ವೈದ್ಯರು ಶವ ಕೊಯ್ದು ಬಂದು, ಸೋಪಿನಲ್ಲಿ ಕೈ ತೊಳೆದು, ಹೆರಿಗೆಗೆ ಬಂದ ಹೆಂಗಸರನ್ನು ಪರೀಕ್ಷೆ ಮಾಡುತ್ತಿದ್ದರು. ಕೈ ನೋಡಲು ಚೊಕ್ಕಟವಾಗಿತ್ತು, ಶವದ ವಾಸನೆ ಮಾತ್ರ ಹೋಗಿರಲಿಲ್ಲ. ಬ್ಲೀಚಿಂಗ್ ಪೌಡರ್ ಕದಡಿದ ನೀರಿನಲ್ಲೇ ಕೈ ತೊಳೆಯಬೇಕು ಅಂತ ಅಲ್ಲಿನ ವೈದ್ಯ ಇಗ್ನಾಜ್ ಸೆಮ್ಮೆಲ್‌ವೈಸ್ ಹಟ ಹಿಡಿದರು. ಏಪ್ರಿಲ್‌ನಲ್ಲಿ ನೂರಕ್ಕೆ 18ರಷ್ಟಿದ್ದ ತಾಯಂದಿರ ಸಾವು ಜೂನ್ ಹೊತ್ತಿಗೆ 2ರ ಆಸುಪಾಸಿಗೆ ಇಳಿಯಿತು. ರೋಗಾಣುಗಳ ವಿಷಯ ಆಗಿನ್ನೂ ವೈದ್ಯರಿಗೇ ಗೊತ್ತಿರಲಿಲ್ಲ ನೋಡಿ!

ಈ ಪದದ ಇನ್ನೊಂದು ಗುಣ ನನಗೆ ತುಂಬಾ ಇಷ್ಟ. ‘ಕೊಳಕು ಜನ’ ಅಂತ ಸಲೀಸಾಗಿ ಅಂದುಬಿಡುತ್ತೇವೆ. ‘ಅನೈರ್ಮಲ್ಯ ಜನ’ ಅಂತ ಯಾರೂ ಅನ್ನುವುದಿಲ್ಲ, ಅಲ್ವಾ? ಅದು ಜಾಗಕ್ಕೆ, ಸ್ಥಿತಿಗೆ ಹೇಳುವ ಮಾತು. ನಲ್ಲಿಯಲ್ಲಿ ನೀರೇ ಬಾರದ ಕೇರಿಯವರನ್ನು ಕೊಳಕರು ಅಂದರೆ ತಪ್ಪೆಲ್ಲಾ ಅವರ ತಲೆಗೆ ಬೀಳುತ್ತದೆ. ಅಲ್ಲಿ ಅನೈರ್ಮಲ್ಯವಿದೆ ಅಂದಾಗಲೇ ನೀರು ಯಾಕೆ ಬರುತ್ತಿಲ್ಲ, ಕಸ ಯಾರು ಎತ್ತಬೇಕಿತ್ತು ಅನ್ನುವ ಪ್ರಶ್ನೆ ಏಳುತ್ತದೆ.

ದೂರು ಬರೆಯುವಾಗ ಮಾತ್ರ ‘ಅನೈರ್ಮಲ್ಯ ಇದೆ’ ಅಂತ ಸುಮ್ನೆ ಒಂದು ಸಾಲು ಗೀಚಿ ಬಿಡಬೇಡಿ. ಚರಂಡಿ ಎಲ್ಲಿ ಕಟ್ಟಿಕೊಂಡಿದೆ, ಎಷ್ಟು ದಿನದಿಂದ, ಕುಡಿಯುವ ನೀರಿನ ಪೈಪು ಅದರೊಳಗೇ ಹಾದುಹೋಗಿದೆಯಾ, ಅದನ್ನೂ ಬರೆಯಿರಿ. ರಿಪೇರಿಗೆ ಬರುವವರಿಗೆ ಬೇಕಾದದ್ದು ಆ ವಿವರ.

ನಮಸ್ಕಾರ.