ವಾಪಸ್ ಹೋಗಲೆಂದೇ ಬಂದವರು

ಕೇಳುಗರಿಗೆಲ್ಲ ನಮಸ್ಕಾರ.

ಇವತ್ತು ಬ್ರಿಟನ್ನಿನ ಮುಸ್ಲಿಮರ ಬಗ್ಗೆ ನಾಲ್ಕು ಮಾತು. 2021ರ ಜನಗಣತಿಯ ಪ್ರಕಾರ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸುಮಾರು 39 ಲಕ್ಷ ಮುಸ್ಲಿಮರಿದ್ದಾರೆ. ನೂರಕ್ಕೆ ಆರೂವರೆ ಮಂದಿ. ಇಷ್ಟು ಜನ ಅಲ್ಲಿಗೆ ಹೇಗೆ ಬಂದರು ಅಂತ ಕೇಳಿದರೆ ಉತ್ತರ ಸಿದ್ಧವಾಗಿರುತ್ತದೆ: ಕೆಲಸ ಹುಡುಕಿಕೊಂಡು ಬಂದರು, ಅಲ್ಲೇ ಉಳಿದರು. ಬಂದದ್ದು ಕೆಲಸಕ್ಕೆ, ನಿಜ. ಆದರೆ ಉಳಿಯುವ ಯೋಚನೆ ಅವರಲ್ಲಿ ಬಹಳ ಜನಕ್ಕೆ ಇರಲೇ ಇಲ್ಲ. ನಾಲ್ಕು ಕಾಸು ಕೂಡಿಸಿಕೊಂಡು ಊರಿಗೆ ಮರಳಬೇಕು, ಮನೆ ಕಟ್ಟಬೇಕು, ಜಮೀನು ಕೊಳ್ಳಬೇಕು ಅಂತಲೇ ಹೊರಟವರು. ಅವರು ಉಳಿದದ್ದು ಹೇಗೆ ಅನ್ನುವುದೇ ನನಗೆ ಸ್ವಾರಸ್ಯವಾಗಿ ಕಂಡದ್ದು.

ಮೊದಲು ಹಡಗಿನ ವಿಷಯ. ಹಬೆಯ ಹಡಗುಗಳ ಕಾಲದಲ್ಲಿ ಅತಿ ಕಷ್ಟದ ಕೆಲಸ ಹಡಗಿನ ತಳದಲ್ಲಿತ್ತು. ಬಾಯ್ಲರ್ ಕೋಣೆಯಲ್ಲಿ ನಿಂತು ಉರಿಯುವ ಕುಲುಮೆಗೆ ಸಲಿಕೆಯಲ್ಲಿ ಕಲ್ಲಿದ್ದಲು ಸುರಿಯಬೇಕು. ಗಾಳಿಯಿಲ್ಲ, ಬೆಳಕಿಲ್ಲ, ಮೈಯೆಲ್ಲ ಮಸಿ. ಬಿಳಿಯ ನಾವಿಕರು ಈ ಕೆಲಸಕ್ಕೆ ಹಿಂದೇಟು ಹಾಕುತ್ತಿದ್ದರು, ಮಾಡಿದರೂ ಜಾಸ್ತಿ ಸಂಬಳ ಕೇಳುತ್ತಿದ್ದರು. ಕಂಪನಿಗಳು ಏಷ್ಯಾದ ಕೂಲಿಗಳನ್ನು ಕಡಿಮೆ ಸಂಬಳಕ್ಕೆ ಹಿಡಿದು ತಂದವು. ಇವರಿಗೆ ಲಾಸ್ಕರ್ ಅಂತ ಹೆಸರು. ಕಲ್ಕತ್ತೆಯಲ್ಲಿ ಹಡಗು ಹತ್ತಿದವರಲ್ಲಿ ಈಗ ಬಾಂಗ್ಲಾದೇಶದಲ್ಲಿರುವ ಸಿಲ್ಹೆಟ್ ಜಿಲ್ಲೆಯವರು ಬಹಳ. ಆಳು ಹಿಡಿಯುವವನು ಸಾರಂಗ್. ಅವನು ತನ್ನ ಊರಿನವರನ್ನೇ, ತನ್ನ ನೆಂಟರನ್ನೇ ಕರೆತರುತ್ತಿದ್ದ. ಬೊಂಬಾಯಿಯಿಂದ ಹೊರಡುವ ಹಡಗುಗಳಲ್ಲಿ ಕಾಶ್ಮೀರದ ಮೀರ್‌ಪುರದ ಗಂಡಸರು ಇರುತ್ತಿದ್ದರು. ಏಡನ್ ಬಂದರಿನಲ್ಲಿ ಯೆಮನ್ನಿನವರು ಹತ್ತುತ್ತಿದ್ದರು.

ಹೀಗೆ ಬಂದ ಯೆಮನಿಗಳು ಕಾರ್ಡಿಫ್, ಸೌತ್ ಶೀಲ್ಡ್ಸ್ ಬಂದರುಗಳಲ್ಲಿ ಬೀಡುಬಿಟ್ಟರು. ಮುಂದಿನ ಹಡಗು ಸಿಗುವವರೆಗೆ ತಮ್ಮವರದೇ ವಸತಿಗೃಹಗಳಲ್ಲಿ ಇರುತ್ತಿದ್ದರು. ಹಲವರು ಅಲ್ಲಿನ ಹೆಂಗಸರನ್ನು ಮದುವೆಯಾದರು. ಇದು ಊರಿನವರಿಗೆಲ್ಲ ಹಿಡಿಸಿತು ಅಂತೇನಲ್ಲ. 1930ರಲ್ಲಿ ಸೌತ್ ಶೀಲ್ಡ್ಸ್‌ನಲ್ಲಿ ಹಡಗಿನ ಕೆಲಸದ ವಿಷಯಕ್ಕೆ ಗಲಭೆಯೇ ಆಯಿತು. ಅದೇ ಪುಟ್ಟ ಊರಿನ ಮಸೀದಿಗೆ 1977ರಲ್ಲಿ ಬಾಕ್ಸರ್ ಮುಹಮ್ಮದ್ ಅಲಿ ಬಂದ, ತನ್ನ ಮದುವೆಗೆ ದುವಾ ಪಡೆಯಲು.

ಇನ್ನು ಮಸೀದಿಗಳು. ಲಿವರ್‌ಪೂಲ್‌ನಲ್ಲಿ ವಿಲಿಯಂ ಕ್ವಿಲಿಯಂ ಅನ್ನುವ ವಕೀಲ ಮೊರಾಕ್ಕೋಗೆ ಹೋಗಿ ಬಂದ ಮೇಲೆ ಮುಸ್ಲಿಮನಾದ, 1889ರಲ್ಲಿ ಒಂದು ಮನೆಯಲ್ಲಿ ನಮಾಜ್ ಶುರುಮಾಡಿಸಿದ. ಅದೇ ವರ್ಷ ಲಂಡನ್ನಿನ ಹತ್ತಿರದ ವೋಕಿಂಗ್‌ನಲ್ಲಿ ಗುಮ್ಮಟವಿರುವ ನಿಜವಾದ ಮಸೀದಿ ಎದ್ದಿತು. ಅದನ್ನು ಕಟ್ಟಿಸಿದವನು ಮುಸ್ಲಿಮನಲ್ಲ. ಯೆಹೂದಿ ಮನೆತನದಲ್ಲಿ ಹುಟ್ಟಿದ ಲೈಟ್ನರ್ ಅನ್ನುವ ಭಾಷಾ ಪಂಡಿತ, ಹಿಂದೆ ಲಾಹೋರಿನ ಸರ್ಕಾರಿ ಕಾಲೇಜಿನಲ್ಲಿ ಪ್ರಿನ್ಸಿಪಾಲ್ ಆಗಿದ್ದವನು. ದುಡ್ಡು ಕೊಟ್ಟವರು ಭೋಪಾಲದ ಬೇಗಂ ಶಾಹ್ ಜಹಾನ್. ಮುಂದೆ ಲಂಡನ್ನಿಗೊಂದು ದೊಡ್ಡ ಮಸೀದಿ ಬೇಕು ಅಂದಾಗ ಹೈದರಾಬಾದಿನ ನಿಜಾಮರೂ ಹಣ ಕೊಟ್ಟರು. ಬೀದರ್, ಕಲಬುರಗಿ, ರಾಯಚೂರು ಆಗ ನಿಜಾಮರ ಆಳ್ವಿಕೆಯಲ್ಲಿದ್ದವು ಅಲ್ವಾ? ಬೊಕ್ಕಸಕ್ಕೆ ಕಂದಾಯ ಕಟ್ಟಿದವರಲ್ಲಿ ನಮ್ಮ ಕಡೆಯ ರೈತರೂ ಇದ್ದರು. ಅವರನ್ನು ಯಾರೂ ಕೇಳಿರಲಿಕ್ಕಿಲ್ಲ, ಬಿಡಿ.

ಆದರೆ ನಾಲ್ಕಾರು ಮಸೀದಿ ಇದ್ದ ಮಾತ್ರಕ್ಕೆ ದೊಡ್ಡ ಸಮುದಾಯ ಆಗುವುದಿಲ್ಲ. ಅದು ಬೆಳೆದದ್ದು ಎರಡನೇ ಮಹಾಯುದ್ಧದ ನಂತರ, ಗಿರಣಿಗಳಿಂದ.

ಯುದ್ಧ ಮುಗಿದ ಮೇಲೆ ಬ್ರಾಡ್‌ಫರ್ಡ್‌ನಂಥ ಊರುಗಳ ಉಣ್ಣೆ ಗಿರಣಿಗಳು ಹೊಸ ಯಂತ್ರ ತರಿಸಿದವು. ದುಬಾರಿ ಯಂತ್ರ, ಹಗಲು ಮಾತ್ರ ಓಡಿಸಿದರೆ ಗಿಟ್ಟುವುದಿಲ್ಲ. ರಾತ್ರಿ ಪಾಳಿಗೆ ಜನ ಬೇಕು. ಹೆಂಗಸರನ್ನು ರಾತ್ರಿ ದುಡಿಸಲು ಕಾನೂನು ಬಿಡುತ್ತಿರಲಿಲ್ಲ. ಊರಿನ ಗಂಡಸರಿಗೆ ಬೇರೆ ಕಡೆ ಒಳ್ಳೆಯ ಕೆಲಸ ಸಿಗುತ್ತಿತ್ತು. ಆ ಜಾಗಕ್ಕೆ ಪಾಕಿಸ್ತಾನದ ಹಳ್ಳಿಗಳಿಂದ, ಅದರಲ್ಲೂ ಆ ಹೊತ್ತಿಗೆ ಪಾಕಿಸ್ತಾನದ ಹಿಡಿತಕ್ಕೆ ಬಂದಿದ್ದ ಮೀರ್‌ಪುರದಿಂದ ಗಂಡಸರು ಬಂದರು. 1948ರ ಪೌರತ್ವ ಕಾನೂನಿನಿಂದಾಗಿ ಕಾಮನ್‌ವೆಲ್ತ್ ದೇಶದವರು ಬ್ರಿಟನ್ನಿಗೆ ಬರಲು ಅಡ್ಡಿಯಿರಲಿಲ್ಲ. ಒಂದೇ ಮನೆಯಲ್ಲಿ ಹತ್ತು ಹದಿನೈದು ಜನ ಇರುತ್ತಿದ್ದರು. ಹಗಲು ಪಾಳಿಯವನು ಎದ್ದು ಹೋದ ಹಾಸಿಗೆಯಲ್ಲಿ ರಾತ್ರಿ ಪಾಳಿಯವನು ಬಂದು ಮಲಗುತ್ತಿದ್ದ.

ಆಗ ಅವರಲ್ಲಿ ಒಂದು ಪದ್ಧತಿ ಇತ್ತು. ಅಣ್ಣ ನಾಲ್ಕಾರು ವರ್ಷ ದುಡಿದು ಊರಿಗೆ ವಾಪಸಾಗುತ್ತಿದ್ದ. ಅವನ ಜಾಗಕ್ಕೆ ತಮ್ಮ ಬರುತ್ತಿದ್ದ, ಆಮೇಲೆ ಅಳಿಯನೋ ಮಗನೋ. ಹೆಂಡತಿ ಮಕ್ಕಳು ಊರಲ್ಲೇ. ನಮಾಜಿಗೆ ಬಾಡಿಗೆ ಮನೆಯ ಒಂದು ಕೋಣೆ ಸಾಕಾಗುತ್ತಿತ್ತು.

1962ರಲ್ಲಿ ಬ್ರಿಟಿಷ್ ಸರ್ಕಾರ ವಲಸೆ ತಡೆಯಲು ಕಾನೂನು ತಂದಿತು. ಇನ್ನು ಮುಂದೆ ಕೆಲಸಕ್ಕೆ ಬರುವವರು ವೋಚರ್ ಅನ್ನುವ ಪರವಾನಗಿ ಪಡೆಯಬೇಕು ಅಂದಿತು. ಈ ಸುದ್ದಿ ಹಬ್ಬಿದ ಕೂಡಲೇ ಬಾಗಿಲು ಮುಚ್ಚುವ ಮೊದಲು ಒಳಗೆ ಸೇರಿಕೊಳ್ಳೋಣ ಅಂತ ಜನ ಮುಗಿಬಿದ್ದರು. ಹಿಂದಿನ ಐದಾರು ವರ್ಷಗಳಲ್ಲಿ ಒಟ್ಟು ಬಂದವರಿಗಿಂತ ಹೆಚ್ಚು ಪಾಕಿಸ್ತಾನಿಗಳು ಕಾನೂನು ಜಾರಿಗೆ ಬರುವ ಮುಂಚಿನ ಒಂದೂವರೆ ವರ್ಷದಲ್ಲಿ ಬಂದರು. ಅದಕ್ಕಿಂತ ದೊಡ್ಡ ಪರಿಣಾಮ ಇನ್ನೊಂದು. ಒಮ್ಮೆ ಊರಿಗೆ ಹೋದರೆ ಮತ್ತೆ ಬರಲು ಬಿಡುತ್ತಾರೋ ಇಲ್ಲವೋ, ತಮ್ಮನಿಗೆ ವೋಚರ್ ಸಿಗುತ್ತದೋ ಇಲ್ಲವೋ ಅನ್ನುವ ಭಯ ಹುಟ್ಟಿತು. ಅಣ್ಣ ತಮ್ಮಂದಿರ ಸರದಿ ನಿಂತುಹೋಯಿತು. ಆದರೆ ಇಲ್ಲಿರುವವನ ಹೆಂಡತಿ ಮಕ್ಕಳು ಬರಬಹುದು ಅಂತ ಅದೇ ಕಾನೂನು ಹೇಳಿತ್ತು. ಸರಿ, ಹೆಂಡತಿ ಮಕ್ಕಳನ್ನೇ ಕರೆಸಿಕೊಂಡರು. ಬರುವವರನ್ನು ತಡೆಯಲು ಮಾಡಿದ ಕಾನೂನು ಹೋಗುವವರನ್ನು ತಡೆದುಬಿಟ್ಟಿತು!

ಅದೇ ಹೊತ್ತಿಗೆ ಝೇಲಂ ನದಿಗೆ ಮಂಗ್ಲಾ ಅಣೆಕಟ್ಟು ಎದ್ದಿತು. 1967ಕ್ಕೆ ಕೆಲಸ ಮುಗಿಯಿತು. ಲಕ್ಷಕ್ಕೂ ಹೆಚ್ಚು ಜನ ಮನೆ ಜಮೀನು ಕಳೆದುಕೊಂಡರು. ಹಳೆಯ ಮೀರ್‌ಪುರ ಪಟ್ಟಣವೇ ಮುಳುಗಿತು. ನೀರು ತಗ್ಗಿದಾಗ ಈಗಲೂ ಹಳೆಯ ಗುಡಿ, ದರ್ಗಾಗಳು ಮೇಲೆ ಕಾಣುತ್ತವೆ. ಮುಳುಗಡೆಯ ಸಂಕಟ ನಮ್ಮ ಲಿಂಗನಮಕ್ಕಿ, ಆಲಮಟ್ಟಿ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಪರಿಹಾರ ಸಿಕ್ಕವರಲ್ಲಿ ಹಲವರು ಆಗಲೇ ನೆಂಟರಿದ್ದ ಬ್ರಾಡ್‌ಫರ್ಡ್, ಬರ್ಮಿಂಗ್‌ಹ್ಯಾಮ್ ಕಡೆಗೆ ಹೊರಟರು.

ಮನೆ ಮಂದಿ ಬಂದ ಮೇಲೆ ಎಲ್ಲ ಬದಲಾಯಿತು. ಮಕ್ಕಳಿಗೆ ಕುರಾನ್ ಕಲಿಸಬೇಕು, ಹಲಾಲ್ ಮಾಂಸ ಬೇಕು, ಮಗಳ ಶಾಲೆಯ ಸಮವಸ್ತ್ರ ಹೇಗಿರಬೇಕು, ಹೀಗೆ ದಿನಕ್ಕೊಂದು ಪ್ರಶ್ನೆ. 1959ರಲ್ಲಿ ಬ್ರಾಡ್‌ಫರ್ಡ್‌ನ ಹೋವರ್ಡ್ ಸ್ಟ್ರೀಟಿನ ಒಂದು ಮನೆಯಲ್ಲಿ ಶುರುವಾದ ಮಸೀದಿಯ ಹಾದಿಯಲ್ಲೇ ಬೀದಿಗೊಂದು ಮಸೀದಿ ಬಂತು. 1980ರ ದಶಕದಲ್ಲಿ ಅಲ್ಲಿನ ಶಾಲೆಗಳಲ್ಲಿ ಹಲಾಲ್ ಊಟ ಕೊಡತೊಡಗಿದರು. 1985ರಲ್ಲಿ ಮೀರ್‌ಪುರದ ಕಡೆಯಿಂದ ಬಂದಿದ್ದ ಮೊಹಮ್ಮದ್ ಅಜೀಬ್ ಆ ಊರಿನ ಲಾರ್ಡ್ ಮೇಯರ್ ಆದರು. ವಿಚಿತ್ರ ನೋಡಿ, ಅಷ್ಟು ಹೊತ್ತಿಗೆ ಕರೆದು ಕೆಲಸ ಕೊಟ್ಟ ಗಿರಣಿಗಳು ಒಂದೊಂದಾಗಿ ಮುಚ್ಚುತ್ತಿದ್ದವು. ಗಿರಣಿಯಲ್ಲಿದ್ದವರು ಟ್ಯಾಕ್ಸಿ ಓಡಿಸಿದರು, ಅಂಗಡಿ ಇಟ್ಟರು.

ಸಿಲ್ಹೆಟ್‌ನವರು ಹೋಟೆಲು ಹಿಡಿದರು. ಬ್ರಿಟನ್ನಿನಲ್ಲಿ ‘ಇಂಡಿಯನ್ ರೆಸ್ಟೋರೆಂಟ್’ ಅಂತ ಬೋರ್ಡು ಕಂಡು ಒಳಗೆ ಹೋದರೆ, ಮಾಲೀಕ ಬಹಳ ಸಲ ಬಾಂಗ್ಲಾದೇಶದವನು. ಅವರ ನೆಲೆ ಪೂರ್ವ ಲಂಡನ್ನಿನ ಬ್ರಿಕ್ ಲೇನ್. ಅಲ್ಲಿನ ಮಸೀದಿಯ ಕತೆ ಎಲ್ಲರೂ ಹೇಳುತ್ತಾರೆ, ನಾನೂ ಹೇಳಿಬಿಡುತ್ತೇನೆ. ಫ್ರಾನ್ಸಿನಿಂದ ಓಡಿಬಂದ ಪ್ರಾಟೆಸ್ಟೆಂಟರು 1743ರಲ್ಲಿ ಕಟ್ಟಿದ ಚರ್ಚು ಅದು. 1898ರಲ್ಲಿ ಯೆಹೂದಿಗಳ ಸಿನಗಾಗ್ ಆಯಿತು. 1976ರಲ್ಲಿ ಮಸೀದಿ. ಕೇಳಲು ಚಂದ. ಆದರೆ ಅದಾಗಿ ಎರಡೇ ವರ್ಷಕ್ಕೆ, 1978ರ ಮೇ 4ರಂದು, ಅಲ್ಲೇ ಹತ್ತಿರ ಅಲ್ತಾಬ್ ಅಲಿ ಅನ್ನುವ ಬಟ್ಟೆ ಕಾರ್ಖಾನೆಯ ಕಾರ್ಮಿಕ ಕೆಲಸ ಮುಗಿಸಿ ಮನೆಗೆ ಹೋಗುವಾಗ ಜನಾಂಗದ್ವೇಷಿಗಳು ಇರಿದು ಕೊಂದರು. ಸಾವಿರಾರು ಜನ ಶವಪೆಟ್ಟಿಗೆಯ ಹಿಂದೆ ಪ್ರಧಾನಿಯ ಮನೆವರೆಗೆ ನಡೆದರು. ಈ ಎರಡನೆಯ ಕತೆಯನ್ನೂ ಮೊದಲನೆಯದರ ಜೊತೆಗೇ ಹೇಳಬೇಕು ಅಂತ ನನ್ನ ಅಭಿಪ್ರಾಯ.

2005ರ ಜುಲೈಯಲ್ಲಿ ಲಂಡನ್ನಿನ ರೈಲುಗಳಲ್ಲಿ, ಒಂದು ಬಸ್ಸಿನಲ್ಲಿ ಬಾಂಬಿಟ್ಟು 52 ಜನರನ್ನು ಕೊಂದವರು ಬ್ರಿಟನ್ನಿನಲ್ಲೇ ಬೆಳೆದ ಹುಡುಗರು. ಮಾಡಿದವರು ನಾಲ್ವರು. ಅನುಮಾನದ ಕಣ್ಣು ಬಿದ್ದದ್ದು ಲಕ್ಷಗಟ್ಟಲೆ ಜನರ ಮೇಲೆ. 2017ರಲ್ಲಿ ಫಿನ್ಸ್‌ಬರಿ ಪಾರ್ಕಿನ ಹತ್ತಿರ ರಂಜಾನ್ ನಮಾಜ್ ಮುಗಿಸಿ ಬರುತ್ತಿದ್ದವರ ಮೇಲೆ ಒಬ್ಬ ವ್ಯಾನ್ ನುಗ್ಗಿಸಿದ. ಅದಕ್ಕೆ ಒಂದು ವರ್ಷ ಮೊದಲು ಅದೇ ಲಂಡನ್ನಿನ ಜನ ಬಸ್ ಡ್ರೈವರ್ ಒಬ್ಬರ ಮಗ ಸಾದಿಕ್ ಖಾನ್ ಅವರನ್ನು ಮೇಯರ್ ಮಾಡಿದ್ದರು.

ಈಗ ಬ್ರಿಟನ್ನಿನ ಮುಸ್ಲಿಮರಲ್ಲಿ ಸುಮಾರು ಅರ್ಧದಷ್ಟು ಜನ ಅಲ್ಲೇ ಹುಟ್ಟಿದವರು. ಅವರ ನಡುವಿನ ಜಗಳಗಳೂ ಅಲ್ಲಿನವೇ. ಒಂದು ಹೇಳುತ್ತೇನೆ. ಇಂಗ್ಲೆಂಡಿನಲ್ಲಿ ಮೋಡ ಜಾಸ್ತಿ, ಈದ್‌ನ ಚಂದ್ರ ಸುಲಭಕ್ಕೆ ಕಾಣುವುದಿಲ್ಲ. ಹಾಗಾಗಿ ಕೆಲವು ಮಸೀದಿಗಳು ಸೌದಿಯ ಮಾತು ಕೇಳುತ್ತವೆ, ಕೆಲವು ಮೊರಾಕ್ಕೋದ ಸುದ್ದಿಗೆ ಕಾಯುತ್ತವೆ. ಒಂದೇ ಬೀದಿಯ ಎರಡು ಮನೆಗಳಲ್ಲಿ ಬೇರೆ ಬೇರೆ ದಿನ ಹಬ್ಬ ಆಗುವುದುಂಟು. ಮಕ್ಕಳಿಗೆ ಯಾವ ದಿನ ಶಾಲೆಗೆ ರಜೆ ಕೇಳಬೇಕು ಅನ್ನುವುದೇ ತಲೆನೋವು. ಈಚಿನ ವರ್ಷಗಳಲ್ಲಿ ಕೆಲವು ಯುವಕರು, ಬೇರೆ ದೇಶದ ಸುದ್ದಿಗೆ ಯಾಕೆ ಕಾಯಬೇಕು, ನಾವೇ ಇಲ್ಲಿಯ ಆಕಾಶ ನೋಡಿ ನಿರ್ಧರಿಸೋಣ ಅನ್ನುತ್ತಿದ್ದಾರೆ. ಹಿರಿಯರೆಲ್ಲ ಇನ್ನೂ ಒಪ್ಪಿಲ್ಲ.

ನಮಸ್ಕಾರ.